ನಮ್ಮವರ ರೋಕಿಗೆ ನನ್ನ ಇಲಾಜು

ಗಂಡನ ಫೋನ್ ಮಾತನ್ನು ಕದ್ದು ಕೇಳಬಾರದು ಎನ್ನುವವರು ಎರಡು ಕೋಣೆಯ ಮನೆಯಲ್ಲಿ ಸಂಸಾರ ಮಾಡಿರುವುದಿಲ್ಲ. ನಾನು ಕದಿಯಲಿಲ್ಲ, ಮಾತೇ ಅಡುಗೆಮನೆಗೆ ಬಂತು. ಫೌಜಿನಿಂದ ನಿವೃತ್ತರಾಗಿ ಸಿಕಂದರಾಬಾದಿನಲ್ಲೇ ನೆಲೆನಿಂತ ನಮ್ಮವರು ಬಾಲ್ಕನಿಯಲ್ಲಿ ಹಳೆಯ ಗೆಳೆಯನಿಗೆ ಹೇಳುತ್ತಿದ್ದರು: "ರೋಕ್ ಬಂದ್ರ ಫೌರಿ ಇಲಾಜ್ ಆಗಬೇಕಪಾ. ನನಗ ಈಗ ಕೈ ನಡುಗಾಕತ್ತಾವು. ಮನ್ಯಾಗ ಹೇಳಿಲ್ಲ."

ನನ್ನ ವಿಜಯಪುರದ ಕಿವಿಗೆ ಅದು ರೋಗ ಎಂದೇ ಕೇಳಿಸಿತು. ತುರ್ತಾಗಿ ಇಲಾಜು ಬೇರೆ ಬೇಕಂತೆ! ಕೇಳಿದರೆ ಮುಚ್ಚಿಡುತ್ತಾರೆಂದು ನಾನೇ ಚಿಕಿತ್ಸೆ ಶುರು ಮಾಡಿದೆ. ರೊಟ್ಟಿ ಹೋಗಿ ಗಂಜಿ ಬಂತು, ಶೇಂಗಾ ಚಟ್ನಿಯ ಡಬ್ಬಿ ಅಟ್ಟ ಸೇರಿತು. ಕಡೆಗೊಂದು ದಿನ ಅವರು, "ನಾ ಏನರ ತಪ್ಪು ಮಾಡೇನೇನು?" ಎಂದರು. ನಾನು ಗೊಳೋ ಎಂದು ಅತ್ತು, "ನಿಮಗ ಏನ್ ರೋಗ ಐತಿ, ಖರೇ ಹೇಳ್ರಿ" ಅಂದೆ.

"ರೋಗ ಅಲ್ಲ ಹುಚ್ಚಿ, ರೋಕ್! ಗುಂಡು ಹಾರಿಸೂಮುಂದ ರೈಫಲ್ ನಡಕ ಸಿಕ್ಕೊಂಡು ನಿಲ್ತೈತಲ್ಲ, ಅದು. ಅದನ್ನ ಲಗೂನ ಸರಿ ಮಾಡೂದಕ್ಕ ಫೌಜಿನ್ಯಾಗ ಫೌರಿ ಇಲಾಜ್ ಅಂತಾರ."

ಬೇಗಂಪೇಟೆಯ ಸೆಕ್ಯೂರಿಟಿ ಕಚೇರಿಯೊಂದರಲ್ಲಿ ಗನ್‌ಮ್ಯಾನ್ ಕೆಲಸಕ್ಕೆ ಭಾನುವಾರ ಪರೀಕ್ಷೆಯಂತೆ. ಸಿಕ್ಕಿಕೊಂಡ ರೈಫಲನ್ನು ಸರಿಮಾಡಿ ತೋರಿಸಬೇಕು. ಮನೆಯಲ್ಲಿ ಕೂತು ಕೂತು ಕುಗ್ಗಿಹೋಗಿದ್ದ ಅವರಿಗೆ ಆ ಕೆಲಸ ಮತ್ತೆ ಮೀಸೆ ತಿರುವುವುದಕ್ಕೆ ಬೇಕಿತ್ತು. ಮನೆಯಲ್ಲೇ ತಾಲೀಮು ಮಾಡಿಸುತ್ತೇನೆಂದು ನಾನು ಸೆರಗು ಕಟ್ಟಿದೆ.

ಪೊರಕೆಯೇ ರೈಫಲ್ ಆಯಿತು, ನಾನೇ ಉಸ್ತಾದ್ ಆದೆ. ಒಗ್ಗರಣೆ ಹಾಕುತ್ತಾ ನಾನು ಇದ್ದಕ್ಕಿದ್ದಂತೆ "ರೋಕ್!" ಎಂದು ಕೂಗಬೇಕು. ಅವರು ಟ್ರಿಗರಿನಿಂದ ಬೆರಳು ತೆಗೆದು, ನಳಿಗೆ ಯಾರ ಕಡೆಗೂ ಇಲ್ಲವೆಂದು ನೋಡಿ, ಮ್ಯಾಗಜೀನ್ ಕಳಚಿ, ಬೋಲ್ಟ್ ಹಿಂದಕ್ಕೆಳೆದು, ಸಿಕ್ಕಿಕೊಂಡಿದ್ದನ್ನು ಬೀಳಿಸಬೇಕು. "ಸಿಟ್ಟೀಲೆ ಜಗ್ಗಬಾರದು. ಯಾಕ ನಿಂತೈತಿ ಅಂತ ಮೊದಲ ನೋಡಬೇಕು" ಎಂದು ಪೊರಕೆಯನ್ನು ರಮಿಸುತ್ತಿದ್ದರು. ಇಷ್ಟು ರಮಿಸುವಿಕೆ ಮದುವೆಯಾದಾಗಿನಿಂದ ನನಗೆ ಸಿಕ್ಕಿರಲಿಲ್ಲ.

ಭಾನುವಾರ ಪಾಸಾಗಿ ಬಂದರು. ಕೈ ನಡುಗಲಿಲ್ಲವೇ ಎಂದು ಕೇಳಿದೆ. "ಭಾಳ ನಡುಗಿದ್ವು. ಅವರು ರೋಕ್ ಅಂದಕೂಡಲೇ ನಿನ್ನ ಒಗ್ಗರಣಿ ವಾಸನಿ ಬಂದಂಗಾತು ನೋಡು, ಕೈ ತಾವ ನಡದ್ವು" ಎಂದರು. ಚಟ್ನಿ ಡಬ್ಬಿ ಅಟ್ಟದಿಂದ ಇಳಿಯಿತು.

ಆದರೆ ಕಲಿಸಿದ ವಿದ್ಯೆ ನನ್ನ ಮೇಲೇ ತಿರುಗಿದೆ. ನಾನು ಮುನಿಸಿಕೊಂಡು ಮಾತು ಬಿಟ್ಟರೆ ಅವರೀಗ ಮೊದಲಿನಂತೆ "ಏನಾತು, ಏನಾತು" ಎಂದು ಜಗ್ಗುವುದಿಲ್ಲ. ಚಹಾ ತಂದು, ಅಡುಗೆಮನೆಯ ಬಾಗಿಲಿನ ಪಕ್ಕಕ್ಕೆ ಸರಿದು ನಿಂತು, ಮೆಲ್ಲಗೆ ಕೇಳುತ್ತಾರೆ: "ನಳಿಗಿ ಯಾವ ಕಡೆ ಐತಿ?"

ಹೇಳಲು ನಾಚಿಕೆ, ಲಟ್ಟಣಿಗೆ ನನ್ನ ಕೈಯಲ್ಲೇ ಇರುತ್ತದೆ.