ಅತ್ತೆ ಬರೆದ ಸುಳ್ಳು ಪುಟ

ನಮ್ಮ ಸೋದರತ್ತೆ ಬೆಳಿಗ್ಗೆ ಎದ್ದ ಕೂಡಲೇ ಸೂರ್ಯನನ್ನೂ ನಂಬುವವರಲ್ಲ. ಇನ್ನೊಂದು ಕಿಟಕಿಯಿಂದಲೂ ಇಣುಕಿ, ಬೆಳಕಾದದ್ದು ನಿಜವೆಂದು ಖಾತ್ರಿಯಾದ ಮೇಲೆಯೇ ಕಾಫಿಗೆ ನೀರಿಡುತ್ತಾರೆ! ಚೆನ್ನೈನ ರಾಯಪುರಂನ ಶಾಲೆಯೊಂದರಲ್ಲಿ ಅವರು ಏಳನೇ ತರಗತಿಗೆ ಕಂಪ್ಯೂಟರ್ ಟೀಚರ್. ಇಂಟರ್ನೆಟ್ಟಿನಲ್ಲಿ ಕಂಡದ್ದನ್ನು ಬರೆದವರು ಯಾರು, ಅವರಿಗೆ ಹೇಗೆ ಗೊತ್ತು ಎಂದು ಕೆದಕುವುದನ್ನು ಮಕ್ಕಳಿಗೆ ಕಲಿಸುತ್ತಾರೆ. ಕಲಿಸಲಿ, ಪಾಪ! ಆದರೆ ನೆಂಟರಿಗೂ ಕಲಿಸಬೇಕೇ?

ಬೆಂಡೆಕಾಯಿ ನೆನೆಸಿದ ನೀರು ಕುಡಿದರೆ ಸಕ್ಕರೆ ಕಾಯಿಲೆ ಮಾಯ ಎಂದು ನಮ್ಮ ದೊಡ್ಡಪ್ಪ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು.

"ಯಾವ ಡಾಕ್ಟರ್ ಹೇಳಿದ್ದು ಅಣ್ಣ?" ಎಂದು ಅತ್ತೆ ಕೇಳಿದರು.

"ಎಲ್ಲಾ ಡಾಕ್ಟರೂ!"

"ಒಬ್ಬರ ಹೆಸರು ಹೇಳು, ಸಾಕು."

ದೊಡ್ಡಪ್ಪ ಗುಂಪನ್ನೇ ಬಿಟ್ಟರು.

ಆಮೇಲೆ ನನ್ನ ತಂಗಿಗೊಂದು ಗಂಡು ಬಂತು. ಫೋಟೋ ನೋಡಿದ್ದೇ ಅತ್ತೆ, "ಇದು ತುಂಬಾ ಹಳೇದು ಕಣೋ, ಹಿಂದಿರೋ ಬಸ್ ನೋಡು" ಎಂದರು. ಹುಡುಗ ಬಂದ, ಕೂದಲು ಬರಲಿಲ್ಲ! ಆದರೆ ಎಲ್ಲರ ಸಿಟ್ಟು ಅತ್ತೆಯ ಮೇಲೆ. ಅವರನ್ನು ಗುಂಪಿನಿಂದ ತೆಗೆದು ದೊಡ್ಡಪ್ಪನನ್ನು ವಾಪಸು ಕರೆಸಲಾಯಿತು. ನಾಮಕರಣ, ಗೃಹಪ್ರವೇಶದ ಕರೆಗಳೆಲ್ಲ ಗುಂಪಿನಲ್ಲೇ ಬಂದು ಅಲ್ಲೇ ಉಳಿದವು. ಮೈಲಾಪುರದ ಫ್ಲ್ಯಾಟಿನಲ್ಲಿ ಅತ್ತೆ, ಒಂದು ಕುಕ್ಕರ್, ಒಂದು ತಟ್ಟೆ. "ಬಾಯ್ತುಂಬ ಕನ್ನಡ ಮಾತಾಡಿ ಎಷ್ಟು ದಿನ ಆಯ್ತೋ" ಎಂದು ಒಮ್ಮೆ ಫೋನಿನಲ್ಲಿ ನಕ್ಕಿದ್ದರು.

ಕಳೆದ ತಿಂಗಳು ಮಣಲಿಯ ನಮ್ಮ ಮನೆಗೆ ಒಂದು ಹುಡುಗಿಯ ಫೋನ್ ಬಂತು. ಅತ್ತೆಯ ವಿದ್ಯಾರ್ಥಿನಿ; ನಂಬರನ್ನು ಶಾಲೆಯ ಆಫೀಸಿನಲ್ಲಿ ಕೇಳಿ ಪಡೆದಿದ್ದಳಂತೆ. ಪರೀಕ್ಷೆಗೆಂದು ಅತ್ತೆ ತಮ್ಮ ಬಗ್ಗೆಯೇ ಒಂದು ಪುಟ ಬರೆದಿದ್ದರಂತೆ. ಅದರಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಮಕ್ಕಳು ಪತ್ತೆ ಮಾಡಬೇಕು.

"ಸಾರ್, ಮಿಸ್ ಶ್ರೀಲಂಕಾವರೆಗೂ ಈಜಿದ್ದಾರಾ?" ಎಂದು ತಮಿಳಿನಲ್ಲಿ ಕೇಳಿದಳು.

"ಬಕೆಟ್ ನೀರಿಗೇ ಹೆದರುತ್ತಾರಮ್ಮ!"

"ಪ್ರತಿ ಭಾನುವಾರ ಅವರ ಮನೆ ತುಂಬ ನೆಂಟರು ಊಟಕ್ಕೆ ಬರ್ತಾರಂತೆ. ನಿಜವಾ?"

"ಹ್ಞಾಂ... ಬರ್ತೀವಿ" ಎಂದುಬಿಟ್ಟೆ.

"ಹೋದ ಭಾನುವಾರ ಏನು ತಿಂದ್ರಿ?"

"ಬಿಸಿಬೇಳೆಬಾತ್."

"ಸಾರ್, ಅವತ್ತು ನಾವೇ ಹೋಗಿದ್ವಿ. ಮಿಸ್ ಒಬ್ಬರೇ ಮೊಸರನ್ನ ತಿಂತಾ ಇದ್ರು. ನಮಗೂ ಕೊಟ್ರು."

ಸಿಕ್ಕಿಬಿದ್ದೆ! ಅತ್ತೆಯ ಶಿಷ್ಯೆಯಲ್ಲವೇ? "ಹಾಗಾದರೆ ಸುಳ್ಳು ಅಂತ ಬರೆದುಕೋ" ಎಂದೆ.

ಅವಳು ಮೆಲ್ಲಗೆ, "ಉತ್ತರ ಕೊಡೋಕೆ ಇನ್ನೂ ಟೈಮ್ ಇದೆ ಸಾರ್. ಈ ಭಾನುವಾರ ನೀವು ಹೋಗ್ತೀರಾ?" ಎಂದಳು.

ಭಾನುವಾರ ನಾನೂ ನನ್ನ ಹೆಂಡತಿಯೂ ಮೈಲಾಪುರಕ್ಕೆ ಹೋದೆವು. ಅತ್ತೆ ಬಾಗಿಲು ತೆರೆದರು.

"ಊಟಕ್ಕಿರ್ತೀರಿ ತಾನೇ?" ಎಂದು ಕೇಳಿದವರು, ಉತ್ತರಕ್ಕೂ ಕಾಯದೆ, ಅಕ್ಕಿ ತೊಳೆಯಲು ಒಳಗೆ ನಡೆದರು.