ಚಿಕ್ಕಮ್ಮ ಡೌನ್ ಆದ ಏಳು ಭಾನುವಾರಗಳು

ನಮ್ಮ ಚಿಕ್ಕಪ್ಪನಿಗೆ ಸಂಬಳ ಬರುತ್ತಿದ್ದುದು ಚೆನ್ನಾಗಿ ನಡೆಯುತ್ತಿರುವುದನ್ನು ಕೆಡಿಸುವುದಕ್ಕೆ! ನಂಬುವುದಿಲ್ಲವೇ? ನಮ್ಮ ಅಜ್ಜಿಯೂ ನಂಬಿರಲಿಲ್ಲ. ಅವರ ಆಫೀಸಿನ ತಣ್ಣನೆಯ ಕೋಣೆಯೊಂದರಲ್ಲಿ ಸರ್ವರ್ ಎಂಬ ದೊಡ್ಡ ಕಂಪ್ಯೂಟರುಗಳು ಜೋಡಿಜೋಡಿಯಾಗಿ ಕೆಲಸ ಮಾಡುತ್ತಿದ್ದವು. ಒಂದು ಕೆಟ್ಟರೆ ಇನ್ನೊಂದು ಆ ಕ್ಷಣವೇ ಅದರ ಕೆಲಸವನ್ನು ಎತ್ತಿಕೊಳ್ಳಬೇಕು. ಹೊರಗಿನವರಿಗೆ ಕೆಟ್ಟದ್ದು ಗೊತ್ತೇ ಆಗಬಾರದು. ಹಾಗೆ ಎತ್ತಿಕೊಳ್ಳುತ್ತದೋ ಇಲ್ಲವೋ ನೋಡಲು ಚಿಕ್ಕಪ್ಪ ದಿನಕ್ಕೊಂದರ ಪ್ಲಗ್ಗು ಕೀಳುತ್ತಿದ್ದರು. ಅದಕ್ಕೆ ಅವರ ಬಾಯಲ್ಲಿ ಸಿಮ್ಯುಲೇಷನ್ ಎಂದು ಹೆಸರು.

"ಅದೇನೋ ಶಿಮ್ಲಾ ಶಿಮ್ಲಾ ಅಂತಾನೆ. ಕರ್ಕೊಂಡ್ ಹೋಗೋದು ಮಾತ್ರ ಕಾಣೆ" ಎನ್ನುತ್ತಿದ್ದರು ಅಜ್ಜಿ.

ಪ್ಲಗ್ಗು ಕೀಳುವ ಕೈ ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೇ? ಆಗ ನಾನು ಕಾಲೇಜಿಗೆಂದು ಶಂಕರಪುರದ ಅವರ ಮನೆಯಲ್ಲಿದ್ದೆ. ಗೀಟು ಹಾಕಿ ದಿನಚರಿ ಬರೆಯುವುದು ನನ್ನ ಚಟ. ಆಗಿನ ಒಂದು ತಿಂಗಳ ಪುಟದಲ್ಲಿ ಹೀಗಿದೆ: ಚಿಕ್ಕಪ್ಪ ಫ್ಯೂಸ್ ಕಿತ್ತದ್ದು ಐದು ಸಲ, ನೀರಿನ ಟ್ಯಾಂಕಿನ ವಾಲ್ವ್ ಮುಚ್ಚಿದ್ದು ಮೂರು ಸಲ, ಅಜ್ಜಿ ಶಾಪ ಹಾಕಿದ್ದು ಎಂಟು ಸಲ. ಲೆಕ್ಕ ಸರಿಹೋಯಿತಲ್ಲ!

ಅಷ್ಟರಲ್ಲಿ ಚಿಕ್ಕಮ್ಮನಿಗೆ ಮೈಸೂರಿನಿಂದ ಕರೆ ಬಂತು. ಅವರು ಪ್ರೈಮರಿ ಶಾಲೆಯ ಮೇಡಂ. ಆರು ವಾರ ಮೈಸೂರಿನಲ್ಲಿದ್ದು ತರಬೇತಿ ಮುಗಿಸಿದರೆ ಹೆಡ್‌ಮಿಸ್ಟ್ರೆಸ್ ಆಗಬಹುದು. ಹಿಂದೆ ಎರಡು ಸಲ ಕರೆದಿದ್ದರು, ಎರಡು ಸಲವೂ ಇವರು ಆಗುವುದಿಲ್ಲ ಎಂದು ಬರೆದಿದ್ದರು. ಈ ಸಲ ಬಿಟ್ಟರೆ ಮತ್ತೆ ಕರೆಯುವುದಿಲ್ಲ ಎಂದು ಶಾಲೆಯಲ್ಲಿ ಹೇಳಿಬಿಟ್ಟಿದ್ದರು.

"ಆಸೆಯೇನೋ ಇದೆ. ನಾನು ಹೋದ್ರೆ ಈ ಮನೆ ನಿಂತೋಗುತ್ತೆ" ಎಂದರು ಚಿಕ್ಕಮ್ಮ.

ಚಿಕ್ಕಪ್ಪನ ಕಣ್ಣು ಹೊಳೆಯಿತು. "ನಿಂತೋಗುತ್ತೆ ಅಂತ ಸುಮ್ನೆ ಹೇಳಿದ್ರೆ ಹೇಗೆ? ಟೆಸ್ಟ್ ಮಾಡಿ ನೋಡೋಣ!"

ಹೊರಡಲು ಏಳು ಭಾನುವಾರ ಉಳಿದಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಆರರಿಂದ ಚಿಕ್ಕಮ್ಮ 'ಇಲ್ಲ'. ಜಗಲಿಯ ಬೆತ್ತದ ಕುರ್ಚಿಯಲ್ಲಿ ಅವರು ಸುಮ್ಮನೆ ಕೂರಬೇಕು. ಅಜ್ಜಿ, ನಾನು ಮನೆ ನಡೆಸಬೇಕು. ಚಿಕ್ಕಪ್ಪ ವಾಚು ಹಿಡಿದು ತಪ್ಪು ಹುಡುಕುವುದು, ನಾನು ಬರೆದುಕೊಳ್ಳುವುದು. ಮೊದಲ ಭಾನುವಾರ ಹತ್ತು ನಿಮಿಷವೂ ಆಗಿರಲಿಲ್ಲ, ಜಗಲಿಯಿಂದ ಕೂಗು ಬಂತು: "ಒಗ್ಗರಣೆ ಸೀದೋಗ್ತಿದೆ ಕಣ್ರೇ!"

"ಸತ್ತ ಸರ್ವರ್ ಮಾತಾಡಲ್ಲ ಕಣೆ!" ಎಂದು ಚಿಕ್ಕಪ್ಪ ಗದರಿದರು.

"ಮುತ್ತೈದೇನ ಸತ್ತ ಗಿತ್ತ ಅಂತೀಯೇನೋ? ಬಾಯಿ ತೊಳ್ಕೊ!" ಅಜ್ಜಿ ಸೌಟು ಎತ್ತಿಕೊಂಡೇ ಬಂದರು. ಅಂದಿನಿಂದ ಚಿಕ್ಕಮ್ಮ ಸಾಯುವುದು ನಿಂತು, 'ಡೌನ್' ಆಗತೊಡಗಿದರು.

ಎರಡನೆಯ ಭಾನುವಾರ ಹುಳಿ. ಉಪ್ಪು ಹಾಕಿದವರು ಇನ್ನೊಬ್ಬರಿಗೆ ಕೂಗಿ ಹೇಳಬೇಕೆಂದು ಒಪ್ಪಂದವಾಗಿತ್ತು. ಅಜ್ಜಿ ಹಾಕಿದರು, ಕೂಗಿದರು. ನಾನು ಮಿಕ್ಸಿ ತಿರುಗಿಸುತ್ತಿದ್ದೆ, ಏನೂ ಕೇಳಲಿಲ್ಲ. ನಾನೂ ಹಾಕಿದೆ! ಊಟಕ್ಕೆ ಕೂತ ಚಿಕ್ಕಪ್ಪ ಒಂದು ತುತ್ತು ಬಾಯಿಗಿಟ್ಟರು. ಕಣ್ಣಲ್ಲಿ ನೀರು ಬಂತು. ಬೈಯುತ್ತಾರೆ ಅಂದುಕೊಂಡರೆ ಎಲೆಯ ಮುಂದಿನಿಂದ ಎದ್ದೇಬಿಟ್ಟರು.

"ಸ್ಪ್ಲಿಟ್ ಬ್ರೇನ್! ಎರಡು ಸರ್ವರ್ ಮಧ್ಯದ ವೈರು ಕಟ್ಟಾದ್ರೆ ಹಿಂಗೇ ಆಗೋದು. ಆ ಇನ್ನೊಂದು ಹೋಯ್ತು ಅಂತ ಎರಡೂ ಅಂದ್ಕೊಳ್ತವೆ, ಎರಡೂ ಒಂದೇ ಕೆಲಸ ಮಾಡಿ ಎಲ್ಲಾ ಹಾಳು ಮಾಡ್ತವೆ. ಆಫೀಸಲ್ಲಿ ಇದನ್ನ ಆಗಿಸಿ ನೋಡೋಕೆ ಹದಿನೈದು ದಿನ ಒದ್ದಾಡಿದೀವಿ. ನೀವು ಹುಳೀಲಿ ಮಾಡಿ ತೋರಿಸಿದ್ರಲ್ಲ!"

ಪರಿಹಾರವೂ ಆಫೀಸಿನದೇ: ಉಪ್ಪಿಗೆ ಒಂದೇ ಚಮಚ, ಅದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಹಾಕತಕ್ಕದ್ದು. ಅಜ್ಜಿ ಆ ಚಮಚವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವರು ನನಗೆ ಕೊಡಲೇ ಇಲ್ಲ.

ನಾಲ್ಕನೆಯ ಭಾನುವಾರ ಅಜ್ಜಿಗೆ ರೇಗಿತು. ಚಿಕ್ಕಪ್ಪ ವಾಚು ನೋಡುತ್ತಾ, "ಅಮ್ಮಾ, ಕಾಫಿ ಆರು ನಿಮಿಷ ಲೇಟು. ಒಬ್ಬರಿಲ್ದಿದ್ರೆ ಇನ್ನೊಬ್ಬರು ನಡೆಸೋ ವ್ಯವಸ್ಥೆ ನಮ್ಮ ಮನೆಗಳಿಗೆ ಹೊಸದು, ಪಾಪ" ಎಂದಿದ್ದೇ ತಪ್ಪಾಯಿತು.

"ಯಾವುದೋ ಹೊಸದು? ತಿಂಗಳು ತಿಂಗಳು ಮೂರು ದಿನ ನಾನು ಹೊರಗೆ ಕೂರ್ತಿರ್ಲಿಲ್ವೇ? ಒಳಗೆ ಕಾಲಿಡೋ ಹಾಗಿರ್ಲಿಲ್ಲ, ಒಂದು ಪಾತ್ರೆ ಮುಟ್ಟೋ ಹಾಗಿರ್ಲಿಲ್ಲ. ನಿಮ್ಮಪ್ಪ ಅಡುಗೆ ಮಾಡಿ, ನಿನಗೆ ತಲೆ ಬಾಚಿ, ಸ್ಕೂಲಿಗೆ ಕಳಿಸಿ ಆಮೇಲೆ ಆಫೀಸಿಗೆ ಹೋಗೋರು. ಮನೆ ನಿಂತಿತ್ತೇನೋ? ನೀನಿದೀಯಲ್ಲ, ಇವತ್ತಿನವರೆಗೂ ಒಂದು ಲೋಟ ಕಾಫಿ ಬೆರೆಸಿದ್ದು ನಾ ಕಾಣೆ!"

ಚಿಕ್ಕಪ್ಪ ವಾಚು ಕೆಳಗಿಟ್ಟರು. ತಿಂಗಳು ತಿಂಗಳು ತಪ್ಪದ ಟೆಸ್ಟಿಂಗ್! ಅದೂ ಯಾವ ಪ್ಲಗ್ಗೂ ಕೀಳದೆ! ಜಗಲಿಯಲ್ಲಿ ಡೌನ್ ಆಗಿದ್ದ ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ಐದನೆಯ ಭಾನುವಾರ ವಾಚು ನನ್ನ ಕೈಗೆ ಬಂತು, ಚಿಕ್ಕಪ್ಪ ಒಳಗೆ ಹೋದರು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡು ಫಿಲ್ಟರಿನಲ್ಲಿ ಡಿಕಾಕ್ಷನ್‌ಗೆ ಇಟ್ಟರು. ಎರಡೂ ಕೈಕೊಟ್ಟವು! ಆರನೆಯ ವಾರ ಗಾಂಧಿಬಜಾರಿನಿಂದ ತರಕಾರಿ ತಂದು ಪಲ್ಯ ಮಾಡಿದರು. ಏಳನೆಯ ವಾರ ಕಾಫಿ, ಉಪ್ಪಿಟ್ಟು, ಹುಳಿ, ಅನ್ನ, ಒಗೆದ ಬಟ್ಟೆ, ಎಲ್ಲವೂ ಹೊತ್ತಿಗೆ ಸರಿಯಾಗಿ ಆದವು. ಜಗಲಿಯಿಂದ ಒಂದು ಕೂಗೂ ಬರಲಿಲ್ಲ. ನನ್ನ ಪುಟದಲ್ಲಿ ತಪ್ಪುಗಳ ಕಾಲಂ ಖಾಲಿ. ಚಿಕ್ಕಪ್ಪ ಅದನ್ನು ಗಟ್ಟಿಯಾಗಿ ಓದಿ ಹೇಳಿದರು.

ಚಿಕ್ಕಮ್ಮನ ಮುಖ ಸಣ್ಣಗಾಯಿತು. "ಅಂದ್ರೆ ನಾನಿಲ್ದಿದ್ರೂ ನಡೆಯುತ್ತೆ."

"ಹೌದು! ಭರ್ಜರಿಯಾಗಿ!" ಎಂದರು ಚಿಕ್ಕಪ್ಪ.

ಅಜ್ಜಿ ಹಣೆ ಚಚ್ಚಿಕೊಂಡರು. ನಿಂತುಹೋಗುವ ಮನೆಯನ್ನು ಬಿಟ್ಟು ಹೋಗುವುದು ಕಷ್ಟ ಎಂದುಕೊಂಡಿದ್ದೆ. ನಿಲ್ಲದ ಮನೆಯನ್ನು ಬಿಟ್ಟು ಹೋಗುವುದು ಇನ್ನೂ ಕಷ್ಟವೇ? ಚಿಕ್ಕಮ್ಮ ಸೂಟ್‌ಕೇಸನ್ನು ಅರ್ಧ ತುಂಬಿ ಹಾಗೇ ಬಿಟ್ಟರು. ಕೊನೆಗೆ ಅಜ್ಜಿಯೇ ಹೋಗಿ ಮಿಕ್ಕ ಸೀರೆಗಳನ್ನು ಮಡಿಸಿ ಇಟ್ಟರು. "ಇಲ್ಲಿಯ ಚಿಂತೆ ನಿನಗೆ ಬೇಡ. ಹೆಡ್‌ಮಿಸ್ಟ್ರೆಸ್ ಆಗಿ ಬಾ" ಎಂದರು.

ಸೋಮವಾರ ಬೆಳಿಗ್ಗೆ ಚಿಕ್ಕಮ್ಮ ಮೈಸೂರಿನ ರೈಲು ಹತ್ತಿದರು.

ಆ ದಿನ ಮನೆಯಲ್ಲಿ ಒಂದು ಕೆಲಸವೂ ತಪ್ಪಲಿಲ್ಲ. ಸಂಜೆ ಆರಕ್ಕೆ ಗೇಟಿನ ಸದ್ದಾಯಿತು. ಚಿಕ್ಕಪ್ಪ ಬಾಗಿಲಲ್ಲಿ ಬಗ್ಗಿ ಶೂ ಬಿಚ್ಚುತ್ತಾ, ಮದುವೆಯಾದ ಲಾಗಾಯ್ತು ಕೂಗುವ ಹಾಗೆ, ಒಳಕ್ಕೆ ಕೂಗಿದರು: "ಬಂದೆ ಕಣೇ!"

ಕೂಗಿದ ಮೇಲೆ ಅವರಿಗೆ ನೆನಪಾಯಿತು. ಒಂದು ಶೂ ಕೈಯಲ್ಲೇ ಉಳಿಯಿತು. ಹಜಾರದಲ್ಲಿದ್ದ ನಾನು ತಲೆ ಎತ್ತಲಿಲ್ಲ. ಏಳು ವಾರದಲ್ಲಿ ಏನೇನೋ ನೋಡಿದ್ದೆವು, ಇದು ಯಾರಿಗೂ ಹೊಳೆದಿರಲಿಲ್ಲ.

ಆ ಕೂಗು ತನಗಲ್ಲವೆಂದು ಇಷ್ಟು ವರ್ಷವೂ ಒಮ್ಮೆಯೂ ಓಗೊಡದ ಅಜ್ಜಿ, ಅಡುಗೆಮನೆಯಿಂದ ಮೆಲ್ಲಗೆ ಕೇಳಿದರು:

"ಬಂದ್ಯಾ ಮಗಾ? ಬಾ, ಕೈಕಾಲು ತೊಳ್ಕೊ."