ಹೊಳೆ ಬಂದಾಗ ಹಚ್ಚುವ ಲೈಟು

"ಅವ್ವಾ, ಅಜ್ಜಗ ನನಕಿಂತ ಬ್ಯಾಟರಿ ಮ್ಯಾಲೆ ಪ್ರೀತಿ ಹೆಚ್ಚೇನು?"

ಒಂದನೇ ಇಯತ್ತೆಯ ಅಂಜುಮ ಇದನ್ನು ಕೇಳಿದ್ದು ಕತ್ತಲಲ್ಲಿ. ಕರೆಂಟು ಹೋಗಿತ್ತು. ತಾಯಿ ಮೆಹನಾಜ ಮೊಬೈಲನ್ನು ಹಲ್ಲಲ್ಲಿ ಕಚ್ಚಿಕೊಂಡು, ಅದರ ಬೆಳಕಿನಲ್ಲಿ ಸಾರಿಗೆ ಉಪ್ಪು ಹಾಕುತ್ತಿದ್ದಳು. ಬಾಯಿ ಬಿಟ್ಟು ಉತ್ತರ ಕೊಟ್ಟರೆ ಮೊಬೈಲು ಸಾರಿಗೆ ಬೀಳುತ್ತದೆ. ಹಾಗಾಗಿ "ಊಂ... ಊಂಹೂಂ" ಎಂದಳು. ಮಗು ಅದರಲ್ಲಿ ತನಗೆ ಬೇಕಾದ ಅರ್ಧವನ್ನಷ್ಟೇ ಆರಿಸಿಕೊಂಡಿತು.

"ಹೂಂ ಅಲ್ಲ? ನನಗ ಗೊತ್ತಿತ್ತು. ಅದಕ್ಕ ಹೊಸಾ ಗಾದಿ ಹೊಲದ ಕೊಟ್ಟಾನ. ನನ್ನ ಗಾದ್ಯಾಗ ನೋಡು, ಹತ್ತಿ ಬರೇ ಗಂಟು ಗಂಟು."

ಈ ವಾದದಲ್ಲಿ ಲೋಪ ಹುಡುಕುವುದು ಕಷ್ಟವಿತ್ತು. ಅಜ್ಜ ಮೈನುದ್ದೀನ ಮೆಣಸಗಿಯ ಗಾದಿ ಹೊಲಿಯುವ ಮನೆತನದವನು. ಹತ್ತಿ ಹಿಂಜಿ, ಗಾದಿ ತುಂಬಿ, ಸುತ್ತಲಿನ ಊರುಗಳ ಬೆನ್ನುಗಳನ್ನೆಲ್ಲ ಮೆತ್ತಗಿಟ್ಟವನು. ಹೋದ ವರ್ಷ ರೋಣದಿಂದ ಇನ್ವರ್ಟರು, ಅದರ ಬ್ಯಾಟರಿ ಮನೆಗೆ ಬಂದಾಗ ಅವನು ಮೊದಲು ಮಾಡಿದ ಕೆಲಸವೆಂದರೆ ಹೂವಿನ ಅರಿವೆಯಲ್ಲಿ ಬ್ಯಾಟರಿಗೊಂದು ಗಾದಿ ಹೊಲಿದು, ಕೆಳಗೂ ಮೇಲೂ ಬರುವಂತೆ ಸುತ್ತಿದ್ದು. (ಅದಕ್ಕೆ ಥಂಡಿ ಹತ್ತಬಾರದಂತೆ. ಮೆಣಸಗಿಯ ಬಿಸಿಲಲ್ಲಿ!) ಸೊಸೆ ಮನೆ ತುಂಬಿದ ದಿನವೂ ಇಷ್ಟು ಉಪಚಾರ ನಡೆದಿರಲಿಲ್ಲವೆಂದು ಮೆಹನಾಜಳ ಅತ್ತೆ ಕಾಶೀಂಬಿ ಸೊಸೆಯ ಎದುರಿಗೇ ಹೇಳಿದ್ದಳು. ಅಂದಿನಿಂದ ಅವಳು ಬ್ಯಾಟರಿಯನ್ನು ಕರೆಯುತ್ತಿದ್ದುದು 'ನನ್ನ ಸವತಿ' ಎಂದೇ.

ಸವತಿ ಒಬ್ಬಳೇ ಬಂದಿರಲಿಲ್ಲ, ಪರಿವಾರ ಸಮೇತ ಬಂದಿದ್ದಳು. ಅಂಜುಮ ತೊಟ್ಟಿಲಲ್ಲಿದ್ದ ವರ್ಷ ಮಲಪ್ರಭೆ ಊರೊಳಗೆ ನುಗ್ಗಿ, ಎಲ್ಲರೂ ಉಟ್ಟ ಬಟ್ಟೆಯಲ್ಲಿ ಸಾಲೆಯ ಕೋಣೆ ಸೇರಿದ್ದರು. ಮೈನುದ್ದೀನಜ್ಜ ಅವತ್ತಿನಿಂದಲೇ ಸಂಗ್ರಹ ಶುರುಮಾಡಿದ್ದ. ಗೋಡೆಗೆ ಹಚ್ಚಿದ ನಾಗೊಂದಿ ಹಲಗೆಯ ಮೇಲೆ ಮೇಣಬತ್ತಿಗಳು ಎಷ್ಟಿದ್ದವೆಂದರೆ ಊರ ಮಕ್ಕಳೆಲ್ಲರ ಹುಟ್ಟುಹಬ್ಬವನ್ನು ಒಂದೇ ದಿನ ಮಾಡಿ ಮುಗಿಸಬಹುದಿತ್ತು. ಕಡ್ಡಿಪೆಟ್ಟಿಗೆ, ಉಪ್ಪು, ಶೇಂಗಾ ಹಿಂಡಿಯ ಡಬ್ಬಿ, ಹಗ್ಗ, ಇವೆಲ್ಲದರ ನಡುವೆ ಗೋಪುರದಂತೆ ಖಡಕ್ ರೊಟ್ಟಿ. ಆ ರೊಟ್ಟಿಯ ಆಡಳಿತವೇ ಬೇರೆ. ಮೆಹನಾಜ ಬಡಿದ ಹೊಸ ರೊಟ್ಟಿ ನೇರ ಗೋಪುರಕ್ಕೆ. ಗೋಪುರದ ತಳದ ಹಳೆಯ ರೊಟ್ಟಿ ಗಂಗಾಳಕ್ಕೆ. ದಿನವೂ ರೊಟ್ಟಿ ಬಡಿಯುವ ಮನೆಯಲ್ಲಿ ಬಿಸಿ ರೊಟ್ಟಿಯ ರುಚಿ ಮರೆತುಹೋಗಿತ್ತು.

ಇನ್ನು ಇನ್ವರ್ಟರು. ಮನೆಯ ಪಡಸಾಲೆಯಲ್ಲಿ ಅದು ಇದ್ದುದು ನಿಜ, ಚಾರ್ಜಾಗಿದ್ದುದೂ ನಿಜ. ಅದರ ಗುಂಡಿ ಒತ್ತಿದವರನ್ನು ಮಾತ್ರ ಯಾರೂ ಕಂಡಿರಲಿಲ್ಲ.

"ಮಾವಾರ, ಲೈಟ ಹೋತ್ರಿ. ಇನ್ವರ್ಟರ್ ಚಾಲೂ ಮಾಡ್ಲೇನ್ರಿ?" ಎಂದು ಮೆಹನಾಜ ಆ ಸಂಜೆಯೂ ಕೇಳಿದಳು.

"ಯಾಕವಾ, ಹೊಳಿ ಬಂತೇನು?"

"ಹೊಳಿ ಬಂದಿಲ್ರಿ. ಸೊಳ್ಳಿ ಬಂದಾವು."

"ಸೊಳ್ಳಿಗೆ ಖರ್ಚ ಮಾಡಿ ಕುಂತ್ರ ನಾಳೆ ಹೊಳಿಗೆ ಏನ ಮಾಡ್ತಿ? ಅದು ಹೊತ್ತಿಗೆ ಇಟ್ಟದ್ದು."

ಕಾಶೀಂಬಿ ಮೂಲೆಯಿಂದ ಬಾಯಿ ಹಾಕಿದಳು. "ಕೇಳಬ್ಯಾಡ ಬಿಡವಾ ಮೆಹನಾಜ. ನನ್ನ ಸವತಿ ಮೈ ಮುಟ್ಟಾಕ ಇವರು ಯಾರಿಗೂ ಬಿಡಂಗಿಲ್ಲ."

"ಕಾಶೀಂಬಿ, ನಾಲಿಗಿ ಹಿಡಿ."

"ಹಿಡೀತೇನ್ರಿ. ಎಲ್ಲೈತಿ ಅಂತ ಕಾಣವಲ್ದು, ಲೈಟ ಹಚ್ರಿ."

ಮೆಹನಾಜಳ ಗಂಡ ನವಾಜ ಗಜೇಂದ್ರಗಡದ ಗಾದಿ ಅಂಗಡಿಯಲ್ಲಿದ್ದು ವಾರಕ್ಕೊಮ್ಮೆ ಬರುವವನು. ಅವನಿಗೆ ಫೋನಿನಲ್ಲಿ ದೂರು ಹೇಳಿದರೆ "ನೀವ ನೀವ ಬಗೀಹರಿಸ್ಕೋರಿ" ಎನ್ನುತ್ತಿದ್ದ. (ಅವನ ಅಂಗಡಿಯಲ್ಲಿ ಕರೆಂಟು ಹೋದರೆ ತಕ್ಷಣ ಇನ್ವರ್ಟರು ಶುರುವಾಗುತ್ತಿತ್ತು. ಅದು ಫೋನಿನಲ್ಲೇ ಗುಂಯ್ ಎಂದು ಕೇಳುತ್ತಿತ್ತು.) ಹೀಗಾಗಿ ಮಗಳನ್ನು ಸಮಾಧಾನಿಸಲು ಮೆಹನಾಜಳೇ ಒಂದು ಆಟ ಕಲ್ಪಿಸಿದ್ದಳು. ಕತ್ತಲಲ್ಲಿ ಒಬ್ಬರು ಕೆಮ್ಮಬೇಕು, ಯಾರು ಕೆಮ್ಮಿದರೆಂದು ಉಳಿದವರು ಹೇಳಬೇಕು. ಆದರೆ ಮಗು ಕೇಳಿದ ಪ್ರಶ್ನೆಗೆ ಯಾವ ಆಟವೂ ಉತ್ತರವಾಗಿರಲಿಲ್ಲ. ಅದು ಮೆಹನಾಜಳ ಹೊಟ್ಟೆಯಲ್ಲಿ ಹಳೆಯ ರೊಟ್ಟಿಯಂತೆ ಕರಗದೆ ಕುಳಿತಿತ್ತು.

ಶ್ರಾವಣದ ಒಂದು ಮಧ್ಯಾಹ್ನ ಓಣಿಯಲ್ಲಿ ಮೈಕು ಕಟ್ಟಿದ ಆಟೋ ಬಂತು. ಮೇಲಿನ ಆಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ಹೊಳೆದಂಡೆಯ ಮಂದಿ ಸಂಜೆಯೊಳಗೆ ಎತ್ತರದ ಸಾಲೆಗೆ ಹೋಗಬೇಕು ಎಂದು ಕೂಗಿತು. ಆಟೋ ಓಣಿ ದಾಟುವಷ್ಟರಲ್ಲಿ ಕರೆಂಟೂ ಹೋಯಿತು.

ಮೈನುದ್ದೀನಜ್ಜ ಎದ್ದು ನಿಂತ. ಒಗೆದಿಟ್ಟ ಟೊಪ್ಪಿಗೆ ಹಾಕಿಕೊಂಡ. ಮದುವೆಯ ದಿನವೂ ಅವನ ಮುಖ ಇಷ್ಟು ಬೆಳಗಿರಲಿಲ್ಲ (ಕಾಶೀಂಬಿಯ ಹೇಳಿಕೆ).

"ಬಂತು ನೋಡವಾ! ಹೊತ್ತು ಬಂತು!" ಎಂದು ಇನ್ವರ್ಟರಿನ ಗುಂಡಿಯತ್ತ ಕೈ ಚಾಚಿದ.

ಮೆಹನಾಜ ಅಂಜುಮಳ ಅಂಗಿ ಚೀಲಕ್ಕೆ ತುರುಕುತ್ತಿದ್ದವಳು ತಲೆ ಎತ್ತಿದಳು. "ಮಾವಾರ, ಹೊಳಿ ಬಂದ್ರ ನಾವು ಮನಿ ಬಿಟ್ಟ ಹೋಗ್ತೇವಲ್ರಿ?"

"ಹೂಂ ಮತ್ತ. ಇಲ್ಲೇ ಕುಂತು ಮುಳುಗೂದೇನು?"

"ಮತ್ತ ಇಲ್ಲಿ ಲೈಟ ಯಾರಿಗೆ ಹಚ್ಚೂದು? ಹೊಳಿಗೇನ್ರಿ?"

ಚಾಚಿದ ಕೈ ಅಲ್ಲೇ ನಿಂತಿತು. ಇಡೀ ವರ್ಷ ಆ ಮನೆಯಲ್ಲಿ ಯಾರಿಗೂ ಹೊಳೆಯದ ಮಾತು ಅದು. ಮುತ್ತಿಗೆ ಎದುರಿಸಲು ಮೈನುದ್ದೀನಜ್ಜ ಕೋಟೆ ಕಟ್ಟಿ, ಕೋಟೆಯ ತುಂಬ ಸಾಮಾನು ತುಂಬಿದ್ದ. ಬರುವ ವೈರಿ ಕೋಟೆಯನ್ನೇ ಖಾಲಿ ಮಾಡಿಸುವವನೆಂಬುದನ್ನು ಮರೆತಿದ್ದ. ನರಗುಂದದ ಕೋಟೆಗಾದರೂ ಕೆಳಗೊಂದು ಗುಡ್ಡವಿದೆ. ಇವನ ಕೋಟೆ ಇದ್ದುದು ಹೊಳೆಯ ದಂಡೆಗೆ.

ಅಷ್ಟರಲ್ಲಿ ಎದುರು ಮನೆಯ ಮಾಳವ್ವನ ಮಗ ಭೀಮೇಶ ಟ್ರ್ಯಾಕ್ಟರ್ ತಂದು ಬಾಗಿಲಿಗೆ ನಿಲ್ಲಿಸಿದ. ಹಿಂದಿನ ಟ್ರೇಲರಿನಲ್ಲಿ ಮಾಳವ್ವ ಬುಟ್ಟಿಯ ಕೋಳಿಗಳೊಂದಿಗೆ ಕುಳಿತಿದ್ದಳು.

"ಲಗೂ ಏರ್ರಿ. ನೀರು ಓಣಿ ತುದೀಗೆ ಬಂದೈತಿ. ಮಂದಿ ಅಷ್ಟ, ಸಾಮಾನು ಬ್ಯಾಡ."

ಕಾಶೀಂಬಿ ಏರಿದಳು. ಅಂಜುಮಳನ್ನು ಏರಿಸಿದರು. ಮೆಹನಾಜಳ ಟ್ರಂಕು ಅದಾಗಲೇ ಕೋಳಿಬುಟ್ಟಿಯ ಪಕ್ಕ ಏರಿ ಕುಳಿತಿತ್ತು. ಮೈನುದ್ದೀನಜ್ಜ ಮಾತ್ರ ಬ್ಯಾಟರಿಯ ಪಕ್ಕ ಹೊರಸಿನ ಮೇಲೆ ಕುಳಿತುಬಿಟ್ಟ.

"ನೀವು ನಡೀರಿ. ನಾ ಇದರ ಕಡೆ ಇರ್ತೀನಿ."

"ಹೋಗ್ರಿ, ಸವತಿ ಕೂಡನ ಇರ್ರಿ!" ಎಂದು ಕಾಶೀಂಬಿ ಮೇಲಿನಿಂದ ಕೂಗಿದಳು. ಮರುಕ್ಷಣವೇ ಸೊಸೆಯತ್ತ ತಿರುಗಿದಳು. "ಮೆಹನಾಜ, ಕರಕೊಂಡ ಬಾರವಾ ಅವರನ್ನ. ಅವರಿಗೆ ಈಸಾಕ ಬರಂಗಿಲ್ಲ."

ಮೆಹನಾಜ ಒಳಗೆ ಬಂದಳು. ಬಾಗಿಲಲ್ಲಿ ನಿಂತರೆ ಓಣಿಯ ತುದಿಯ ಬೇವಿನ ಗಿಡ ಕಾಣುತ್ತಿತ್ತು. ಅದರ ಬುಡದ ಕಟ್ಟೆ ಆಗಲೇ ಕಾಣುತ್ತಿರಲಿಲ್ಲ. ಬೈಯಲೆಂದೇ ಅವಳು ಬಾಯಿ ತೆರೆದಿದ್ದಳು. ಅಜ್ಜ ಅವಳಿಗಿಂತ ಮೊದಲು ಮಾತಾಡಿದ. ಅವಳತ್ತ ನೋಡಲಿಲ್ಲ, ಬ್ಯಾಟರಿಯ ಗಾದಿಯ ಹೊಲಿಗೆ ನೋಡುತ್ತಿದ್ದ.

"ಆ ವರ್ಷ ಸಾಲ್ಯಾಗ ಕೂಸು ಕತ್ತಲಕ್ಕ ಹೆದರಿ ಅತ್ತಿತ್ತಲ್ಲ. ನೀ ಎಡಕ ಹಾಕಿದಿ, ಬಲಕ ಹಾಕಿದಿ. ಒಂದ ಸವನ ಅಳೂದ. ಅಷ್ಟ ಮಂದಿ ಇದ್ವಿ, ಒಬ್ಬರ ಕಿಸೇದಾಗೂ ಒಂದ ಒಣಾ ಕಡ್ಡಿ ಇರಲಿಲ್ಲ. ಊರಿಗೆಲ್ಲಾ ಗಾದಿ ಹೊಲಿಯೋ ಮನಿಶಾ ನಾ, ನನ್ನ ಕೂಸಿಗೆ ಒಂದ ಕಡ್ಡಿ ಗೀರಾಕ ಆಗಲಿಲ್ಲ. ಈ ಸಲಾ ಹಂಗ ಆಗಬಾರದವಾ."

ಆ ರಾತ್ರಿ ಮೆಹನಾಜಳಿಗೆ ಚೆನ್ನಾಗಿ ನೆನಪಿತ್ತು. ಅಳುವ ಮಗುವನ್ನು ಅವಳೇ ಹೆಗಲು ಬದಲಿಸಿದ್ದಳು. ಅದೇ ಕತ್ತಲಲ್ಲಿ ಇನ್ನೊಬ್ಬರು ಕೂತು ಆ ಅಳುವನ್ನು ಎಣಿಸುತ್ತಿದ್ದರೆಂದು ಮಾತ್ರ ಗೊತ್ತಿರಲಿಲ್ಲ. ಯಾರಿಗಾಗಿ ಬೆಳಕು ಕೂಡಿಟ್ಟರೋ ಅವಳನ್ನೇ ವರ್ಷವಿಡೀ ಕತ್ತಲಲ್ಲಿ ಕೂಡಿಸಿದ ಪುಣ್ಯಾತ್ಮ! ಸಿಟ್ಟು ಮಾಡಬೇಕೋ ಅಳಬೇಕೋ ತಿಳಿಯದೆ ಅವಳು ಹೊರಗೆ ಬಂದು ಭೀಮೇಶನ ಮೇಲೆ ಏರಿಹೋದಳು.

"ಭೀಮೇಶಣ್ಣ, ಒಳಗ ಬಾ. ಬ್ಯಾಟರಿ ಏರಸೂದೈತಿ."

"ತಲಿ ಕೆಟ್ಟೈತೇನಕ್ಕಾ? ಅದು ಎಮ್ಮಿಕರಾ ಇದ್ದಂಗೈತಿ, ಅಷ್ಟ ಭಾರ!"

"ಅದು ಏರಲಿಲ್ಲಂದ್ರ ಮಾವಾರ ಏರಂಗಿಲ್ಲ. ಮಾವಾರ ಏರಲಿಲ್ಲಂದ್ರ ನಾ ಏರಂಗಿಲ್ಲ. ನೀ ಹಿಂಗ ನಿಂತು ವಿಚಾರ ಮಾಡೂದರಾಗ ಹೊಳಿನ ಏರತೈತಿ."

"ಜಾಗಾ ಎಲ್ಲೈತಿ?"

ಮೆಹನಾಜ ತನ್ನ ಟ್ರಂಕನ್ನು ತಾನೇ ಕೆಳಗೆಳೆದಳು. ಮದುವೆಯ ಸೀರೆಗಳೆಲ್ಲ ಇದ್ದ ಟ್ರಂಕು. ಅದು ಅಟ್ಟ ಏರಿತು, ಬ್ಯಾಟರಿ ಟ್ರೇಲರ್ ಏರಬೇಕಾಯಿತು.

"ಆತು," ಎಂದ ಭೀಮೇಶ ಸೋತು. "ಆದರ ದಾರ್ಯಾಗ ಉಳ್ಳಿ ಯಾರದರ ಕಾಲ ಮುರದ್ರ ಜವಾಬ್ದಾರಿ ಯಾರದು?"

"ನಂದು. ಇವತ್ತಿಂದ ಈ ಬ್ಯಾಟರಿ ನನ್ನ ಜಿಮ್ಮಾ. ಕೇಳಿದ್ರೇನ್ರಿ ಮಾವಾರ? ಹಚ್ಚೂದು, ಆರಸೂದು ಎಲ್ಲಾ ನನ್ನ ಜಿಮ್ಮಾ. ಈಗಾದ್ರೂ ಏಳ್ರಿ."

ಅಜ್ಜ ಎದ್ದ. ಮಗಳನ್ನು ಗಂಡನ ಮನೆಗೆ ಒಪ್ಪಿಸುವ ತಂದೆಯಂತೆ ಇನ್ವರ್ಟರಿನ ಪೆಟ್ಟಿಗೆಯನ್ನು ಸೊಸೆಯ ಕೈಗಿತ್ತ. ಬರುವಾಗ ಒಂದು ಚೀಲ ರೊಟ್ಟಿಯನ್ನು ಬಗಲಲ್ಲಿ ತಂದದ್ದನ್ನು ಯಾರೂ ಆಕ್ಷೇಪಿಸಲಿಲ್ಲ. ಹೀಗೆ ಮೆರವಣಿಗೆ ಹೊರಟಿತು. ನಡುವೆ ಗಾದಿ ಹೊದ್ದ ಬ್ಯಾಟರಿ, ಸುತ್ತಲೂ ಮಂದಿ, ಮೂಲೆಯಲ್ಲಿ ಕೋಳಿಗಳ ಜತೆ ಕಾಶೀಂಬಿ.

"ನೋಡ ಮಾಳವ್ವ, ಸವತಿ ನಡಕ, ನಾ ಮೂಲ್ಯಾಗ."

"ಸುಮ್ನಿರವಾ. ನನ್ನ ಗಂಡಂತೂ ನನಗ ಒಂದ ಕೌದೀನೂ ಹೊಚ್ಚಲಿಲ್ಲ."

ಸಾಲೆಯ ದೊಡ್ಡ ಕೋಣೆ ಸಂಜೆಯ ಹೊತ್ತಿಗೆ ತುಂಬಿತು. ನೀರು ಬೇವಿನ ಗಿಡದ ಹತ್ತಿರವೇ ನಿಂತಿದೆ ಎಂಬ ಸುದ್ದಿ ಬಂತು. ಜೊತೆಗೇ ಕತ್ತಲೂ ಬಂತು. ಒಂದು ಕೂಸು ಅಳಲು ಶುರುಮಾಡಿತು, ಅದನ್ನು ಕೇಳಿ ಇನ್ನೊಂದು. ಮೈನುದ್ದೀನಜ್ಜ ತಡಕಾಡುತ್ತ ಬಲ್ಬಿನ ವೈರು ಜೋಡಿಸುತ್ತಿದ್ದ. "ಅಂಜುಮ, ಹೆದರಬ್ಯಾಡವಾ, ಆತು, ಈಗ ಆತು..."

ಅಂಜುಮ ಎಲ್ಲಿ ಹೆದರಿದ್ದಳು? ಕೋಣೆಯ ನಡುವಿನಿಂದ ಅವಳ ದನಿ ಕೇಳಿಬಂತು. "ಅಳಬ್ಯಾಡ್ರಿ. ಕತ್ತಲಂದ್ರ ಏನೂ ಇಲ್ಲ, ನಮ್ಮ ಮನ್ಯಾಗ ದಿನಾ ಇರತೈತಿ. ಒಬ್ಬರು ಕೆಮ್ರಿ, ಯಾರಂತ ನಾವು ಹೇಳ್ತೇವಿ."

ಸ್ವಲ್ಪ ಹೊತ್ತಿಗೆ ಅಳು ನಿಂತು ಕೋಣೆಯ ತುಂಬ ಸುಳ್ಳು ಕೆಮ್ಮು, ಖರೇ ನಗು. ಅಷ್ಟರಲ್ಲಿ ಅಜ್ಜನ ಕೆಲಸ ಮುಗಿಯಿತು. ಮೆಹನಾಜ ಗುಂಡಿ ಒತ್ತಿದಳು. ಬಲ್ಬು ಝಗ್ಗೆಂದಿತು. ಇಷ್ಟು ವರ್ಷ ಕಾದ ಆ ಮಹಾಕ್ಷಣದಲ್ಲಿ ಮಕ್ಕಳೆಲ್ಲ ಒಕ್ಕೊರಲಿಂದ "ಹೋ..." ಎಂದು ನಿರಾಶೆಯಿಂದ ಕೂಗಿದರು.

"ಅಜ್ಜಾ! ಆಟ ಕೆಡಿಸಿದಿ!"

ಮೈನುದ್ದೀನಜ್ಜ ಒಂದು ಗಳಿಗೆ ಮೊಮ್ಮಗಳನ್ನೇ ನೋಡಿದ. ಆಮೇಲೆ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಳ್ಳುತ್ತ ಹೊಟ್ಟೆ ಹಿಡಿದು ನಕ್ಕ. ಬ್ಯಾಟರಿಯ ಹೂವಿನ ಗಾದಿಯನ್ನು ಬಿಚ್ಚಿ, ಕೊಡವಿ, ಅವಳಿಗೆ ಹಾಸಿದ. "ಇದು ಬ್ಯಾಟರಿದಲ್ಲ?" ಎಂದು ಅವಳು ಕೇಳಿದ್ದಕ್ಕೆ "ಅದಕ್ಕ ಸೆಕಿ ಆಗಾಕತ್ತೈತಿ ತಗಿಯವಾ" ಎಂದ.

ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಬೀಗರನ್ನು ಕರೆಯುವವನಂತೆ ಕೋಣೆಯ ತುಂಬ ಓಡಾಡಿ "ಬರ್ರಿ, ಫೋನ ಚಾರ್ಜ ಮಾಡ್ಕೋರಿ, ರೊಟ್ಟಿ ತಗೋರಿ, ಸಂಕೋಚ ಮಾಡಬ್ಯಾಡ್ರಿ" ಎಂದ. ನವಾಜನಿಗೆ 'ಎಲ್ಲಾರೂ ಅರಾಮ' ಎಂದು ಹೇಳಿ ಮೆಹನಾಜ ಫೋನಿಡುವಷ್ಟರಲ್ಲಿ ಅವಳ ಮುಂದೆ ಫೋನುಗಳ ರಾಶಿ ಬಿದ್ದಿತ್ತು. ಜತೆಗೆ ಸೊಳ್ಳೆ ಹೊಡೆಯುವ ಬ್ಯಾಟು, ಯಾರದೋ ಹಾಡಿನ ಡಬ್ಬಿ, ಗಡ್ಡ ಕತ್ತರಿಸುವ ಮಶೀನು. (ಹೊಳೆ ಬಂದ ದಿನ ಗಡ್ಡ!) ಚಾರ್ಜು ಇಳಿದು ಇನ್ವರ್ಟರಿನ ಹಸಿರು ದೀಪ ಹಳದಿಯಾಯಿತು. ಜಿಮ್ಮಾ ಮೆಹನಾಜಳದಲ್ಲವೇ?

"ಒಂದ ಮನೀಗೆ ಒಂದ ಫೋನು," ಎಂದಳು.

ಸ್ವಲ್ಪ ಹೊತ್ತಾದ ಮೇಲೆ, "ವಿಡಿಯೋ ನೋಡಾವರು ಫೋನ ತಿರುಗಿ ಒಯ್ರಿ."

ಇನ್ನೂ ಸ್ವಲ್ಪ ಹೊತ್ತಾದ ಮೇಲೆ, "ಊಟಾ ಆತಲ್ಲ? ಮಾತಾಡಾಕ ಲೈಟ ಯಾಕ ಬೇಕು?" ಎಂದು ಬಲ್ಬು ಆರಿಸಿಯೇ ಬಿಟ್ಟಳು.

"ಮೆಹನಾಜ, ನನ್ನ ಎಲಿ ಅಡಕಿ ಚೀಲಾ ಸಿಗವಲ್ದು," ಎಂದಳು ಕಾಶೀಂಬಿ. "ಒಂದೀಟ ಹಚ್ಚ."

"ಎಲಿ ಅಡಕಿಗೆಲ್ಲಾ ಖರ್ಚ ಮಾಡಿದ್ರ ಹ್ಯಾಂಗ್ರಿ ಅತ್ತಿ? ನಾಳೆ ನೀರು ಮತ್ತ ಏರಿದ್ರ? ಇದು ಹೊತ್ತಿಗೆ ಬೇಕಾಗತೈತಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಮೆಹನಾಜ ಅದನ್ನು ಕೇಳಿಸಿಕೊಂಡಳು. ಕೋಣೆಯಲ್ಲಿ ಎಲ್ಲರೂ ಕೇಳಿಸಿಕೊಂಡಿದ್ದರು.

"ಯಾ ಅಲ್ಲಾ," ಎಂದು ಕಾಶೀಂಬಿ ಕತ್ತಲಲ್ಲಿ ನಿಟ್ಟುಸಿರು ಬಿಟ್ಟಳು. "ಒಬ್ಬರಿದ್ರು, ಈಗ ಇಬ್ಬರಾದ್ರು."

ಮಾಳವ್ವ ಕಿಸಕ್ಕೆಂದಳು. ಕತ್ತಲಿತ್ತು ಎಂಬುದೊಂದೇ ಮೆಹನಾಜಳ ಪುಣ್ಯ; ಮುಖ ಕೆಂಪಾದದ್ದು ಯಾರಿಗೂ ಕಾಣಲಿಲ್ಲ. ಆದರೂ ಗುಂಡಿಯ ಮೇಲಿನ ಕೈಯನ್ನು ಅವಳು ತೆಗೆಯಲಿಲ್ಲ.

ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಯಾರೋ ತಡವರಿಸುತ್ತ ಬಂದು ಅವಳಿಂದ ಮಾರು ದೂರದಲ್ಲಿ ಕುಳಿತರು. ಕೂತು, ಬಹಳ ಮೆಲ್ಲಗೆ ಕರೆದರು.

"ಮೆಹನಾಜ."

"ಏನ್ರಿ ಮಾವಾರ?"

"ಸಿಟ್ಟ ಆಗಬ್ಯಾಡವಾ. ಅಂಜುಮ ಮಲಗ್ಯಾಳ. ಒಂದ ಸಲಾ ಆಕಿ ಮುಖಾ ನೋಡಬೇಕಾಗಿತ್ತು. ಒಂದ ಚೂರು ಲೈಟ ಹಚ್ಚತೀಯೇನು?"